ನಾನು ಕೇಳ್ತಾ ಇದ್ದ ಸ್ಟೇಷನ್ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಕ್ಲಬ್‌ನವರು ಶಿರಸಿ ಕಡೆ ಇಟ್ಟಿರುವ ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೊ) ರಿಸೀವರನ್ನು ಕುಮಟಾದಲ್ಲಿ ಕೂತು ಇಂಟರ್ನೆಟ್ ಮೂಲಕ ಮೊಬೈಲ್‌ನಲ್ಲಿ ಕೇಳುತ್ತೇನೆ. ಮಾತು ಚೆನ್ನಾಗಿ ಬರುತ್ತಿರುತ್ತದೆ, ಇದ್ದಕ್ಕಿದ್ದಂತೆ ಮಾಯ. ಬರೀ ಸೊಂಯ್ ಅನ್ನುವ ಸದ್ದು. ರಿಸೀವರ್ ಹಾಳಾಗಿದೆಯಾ?

ಹಾಳಾಗಿಲ್ಲ ಮಾರಾಯ್ರೆ. ಆ ಒಂದೇ ರಿಸೀವರನ್ನು ಹಲವರು ಒಟ್ಟಿಗೆ ಕೇಳುತ್ತಾರೆ. ಹೆಚ್ಚಿನ ಸಲ ಇನ್ಯಾರೋ ಬ್ಯಾಂಡ್ (ಕೇಳುವ ತರಂಗಗಳ ಗುಂಪು) ಬದಲಿಸಿರುತ್ತಾರೆ, ನೀವೂ ಕೇಳುತ್ತಿದ್ದೀರಿ ಅನ್ನೋದು ಅವರ ಗಮನಕ್ಕೇ ಬಂದಿರುವುದಿಲ್ಲ.

ದಡದಿಂದ ಎಳೆಯುವ ನಮ್ಮ ದೊಡ್ಡ ರಂಪಣಿ ಮೀನುಬಲೆ ನೋಡಿದ್ದೀರಲ್ಲ? ಬಲೆಗೆ ಬಿದ್ದದ್ದರಲ್ಲಿ ಒಬ್ಬರು ಬಂಗುಡೆ ಆರಿಸಿಕೊಳ್ಳಬಹುದು, ಇನ್ನೊಬ್ಬರು ತಾರ್ಲೆ. ಆದರೆ ಅದೇ ಬಲೆ ಒಂದೇ ಹೊತ್ತಿಗೆ ಬಿಣಗಾದಲ್ಲೂ ಮಾಜಾಳಿಯಲ್ಲೂ ಇರೋಕಾಗಲ್ಲ ಅಲ್ವಾ? ಕ್ಲಬ್‌ಗಳಲ್ಲಿ ಜಾಸ್ತಿ ಕಾಣುವ ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಸಣ್ಣ ಎಸ್‌ಡಿಆರ್) ಕೂಡ ಹಾಗೇ. ಅದು ಒಂದು ಸಲಕ್ಕೆ ಸುಮಾರು 2.4 ಮೆಗಾಹರ್ಟ್ಸ್ ಅಗಲದ ತುಂಡನ್ನು ಮಾತ್ರ ಹಿಡಿಯುತ್ತದೆ. ನಮ್ಮ ದೇಶದ 40 ಮೀಟರ್ ಬ್ಯಾಂಡ್ 7.0ರಿಂದ 7.2 ಮೆಗಾಹರ್ಟ್ಸ್, ಅಂದರೆ ಪೂರ್ತಿ ಬ್ಯಾಂಡ್ ಅದರಲ್ಲಿ ಆರಾಮಾಗಿ ಕೂರುತ್ತದೆ. ನೀವು 7050 ಕಿಲೋಹರ್ಟ್ಸ್ ಕೇಳಿ, ಹೊನ್ನಾವರದವರು 7120 ಕೇಳಲಿ, ಯಾರಿಗೂ ತೊಂದರೆ ಇಲ್ಲ. ಆದರೆ ಮೂರನೆಯವರು ಬಂದು 20 ಮೀಟರ್ ಬ್ಯಾಂಡ್ ಒತ್ತಿದರೆ ಬಲೆಯೇ ಎದ್ದು 14 ಮೆಗಾಹರ್ಟ್ಸ್‌ಗೆ ಹೋಗುತ್ತದೆ, ಜೊತೆಗೆ ಎಲ್ಲರೂ.

ನಾನೇ ಹೀಗೆ ಮಾಡಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಚಾ ಲೋಟ ಕೈಯಲ್ಲಿ ಹಿಡಿದು, ಸುಮ್ನೆ 20 ಮೀಟರ್ ಹೇಗಿದೆ ನೋಡೋಣ ಅಂತ ಒತ್ತಿದೆ. ಎರಡೇ ನಿಮಿಷಕ್ಕೆ ಫೋನು. ಕ್ಲಬ್‌ನ ಹಿರಿಯರೊಬ್ಬರು 40 ಮೀಟರ್‌ನ ನೆಟ್ (ಹ್ಯಾಮ್‌ಗಳು ರೇಡಿಯೊದಲ್ಲಿ ಸೇರಿ ಮಾತಾಡುವ ಕೂಟ) ಕೇಳುತ್ತಾ ಕೂತಿದ್ದರಂತೆ. "ತಮಾ, ಪರದೆ ಮೇಲೆ ಮೂರು ಜನ ಇದ್ದಾರೆ ಅಂತ ತೋರಿಸ್ತಾ ಇತ್ತಲ್ಲೋ, ಕಣ್ಣು ಎಲ್ಲಿತ್ತು?" ಅಂದರು. ಹೌದು, ತೋರಿಸುತ್ತಲೇ ಇತ್ತು. ಈಗ ಆ ಅಂಕಿ ನೋಡದೆ ಬ್ಯಾಂಡ್ ಮುಟ್ಟಲ್ಲ. ಚಾಟ್ ಇದ್ದರೆ ಒಂದು ಮಾತು ಕೇಳುತ್ತೇನೆ.

ಆದರೆ ಪ್ರತಿ ಸಲ ಬೇರೆಯವರನ್ನೇ ಬೈಯಬೇಡಿ. ವಾಟರ್‌ಫಾಲ್ (ಪರದೆಯಲ್ಲಿ ಸಿಗ್ನಲ್‌ಗಳು ಗೆರೆಗಳಾಗಿ ಇಳಿಯುವ ಚಿತ್ರ) ಮೇಲಿನ ಸ್ಕೇಲ್ ನೋಡಿ. 7 ಇದ್ದಲ್ಲಿ 14 ಬಂದಿದ್ದರೆ ಯಾರೋ ಬದಲಿಸಿದ್ದಾರೆ. ಅಂಕಿಗಳು ಹಾಗೇ ಇದ್ದು ಗೆರೆಗಳು ಮಾತ್ರ ಮೆಲ್ಲಗೆ ಮಸುಕಾದರೆ ಅದು ಆಕಾಶದ ಆಟ. ಹಗಲು 40 ಮೀಟರ್‌ನಲ್ಲಿ ಬೆಂಗಳೂರು, ಮೈಸೂರಿನವರು ಪಕ್ಕದ ಮನೆಯವರ ಹಾಗೆ ಕೇಳಿಸುತ್ತಾರೆ. ಕತ್ತಲಾದ ಮೇಲೆ ಅಯಾನುಗೋಳ (ರೇಡಿಯೊ ಅಲೆಯನ್ನು ವಾಪಸ್ ಕಳಿಸುವ ಮೇಲಿನ ವಾಯುಪದರ) ತೆಳುವಾಗಿ, ನೇರ ಮೇಲಕ್ಕೆ ಹೋದ ಅಲೆ ವಾಪಸ್ ಬಾರದೆ ಹತ್ತಿರದವರು ಮರೆಯಾಗುತ್ತಾರೆ, ದೂರದ ದೇಶದವರು ಕೇಳಿಸತೊಡಗುತ್ತಾರೆ. ವಾಟರ್‌ಫಾಲ್ ಇಳಿಯುವುದೇ ನಿಂತಿದ್ದರೆ ಇಂಟರ್ನೆಟ್ ಹೋಗಿದೆ ಅಷ್ಟೆ, ಘಟ್ಟದ ಮೇಲೆ ಮಳೆಗಾಲದಲ್ಲಿ ಇದೇನು ಹೊಸದಲ್ಲ. ಇನ್ನು ಗುಡುಗು ಶುರುವಾದರೆ ಅಲ್ಲಿನವರು ಆಂಟೆನಾ ವೈರನ್ನೇ ಕಳಚಿಡುತ್ತಾರೆ, ಕಳಚಲೇಬೇಕು.

ಎಲ್ಲರಿಗೂ ಬೇರೆ ಬೇರೆ ಬ್ಯಾಂಡ್ ಸಿಗುವ ರಿಸೀವರ್ ಇಲ್ವಾ ಅಂದರೆ, ಇದೆ. ಕಿವಿಎಸ್‌ಡಿಆರ್ ಅಂತ ಒಂದು, 30 ಮೆಗಾಹರ್ಟ್ಸ್‌ವರೆಗಿನ ಇಡೀ ಶಾರ್ಟ್‌ವೇವನ್ನು ಒಟ್ಟಿಗೇ ಹಿಡಿಯುತ್ತದೆ, ನಾಲ್ಕು ಜನ ನಾಲ್ಕು ಕಡೆ ಟ್ಯೂನ್ ಮಾಡಬಹುದು. ಬೆಲೆ ಮಾತ್ರ ಡಾಂಗಲ್‌ನ ಎಷ್ಟೋ ಪಟ್ಟು. ನನ್ನ ಕೇಳಿದರೆ, ಆ ದುಡ್ಡಿಗಿಂತ ಮೊದಲು ಒಳ್ಳೆ ಜಾಗ ಮುಖ್ಯ. ಕಾರವಾರ ಪೇಟೆಯಲ್ಲಿ ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್‌ಗಳ ಗದ್ದಲದಲ್ಲಿ ಸಣ್ಣ ಸಿಗ್ನಲ್ ಮುಳುಗಿಯೇ ಹೋಗುತ್ತದೆ. ಅಡಿಕೆ ತೋಟದಲ್ಲಿ ಎರಡು ಮರಗಳ ನಡುವೆ ಕಟ್ಟಿದ 20 ಮೀಟರ್ ಉದ್ದದ ಆಂಟೆನಾ ತಂತಿಗೆ ಅದೇ ಸಿಗ್ನಲ್ ಸ್ಪಷ್ಟವಾಗಿ ಸಿಗುತ್ತದೆ. ಕ್ಲಬ್‌ನವರು ರಿಸೀವರನ್ನು ಘಟ್ಟ ಹತ್ತಿಸಿದ್ದು ಅದಕ್ಕೇ.