ಎರಡು ಚೀಲ ಹೊಯ್ಗೆ

ಗಂಗೊಳ್ಳಿ ಬಂದರಿನಲ್ಲಿ ಒಂದು ಬೆಳಿಗ್ಗೆ ಕಂಡದ್ದು ಇದು. ಹಳೆಯ ಫೈಬರ್ ದೋಣಿಯೊಂದಕ್ಕೆ ಹೊಸ ಔಟ್‌ಬೋರ್ಡ್ ಎಂಜಿನ್ ಕೂರಿಸಿದ್ದರು. ಮೊದಲಿದ್ದದ್ದು ಹತ್ತು ಎಚ್‌ಪಿ, ಹೊಸದು ಇಪ್ಪತ್ತೈದು. ವೇಗ ಕೊಟ್ಟ ಕೂಡಲೇ ದೋಣಿಯ ಮೂತಿ ಆಕಾಶ ನೋಡಿತು. ಹಿಂಬದಿ ನೀರಿಗೆ ಕುಸಿಯಿತು. ಎಂಜಿನ್ ಅರಚುತ್ತಿದೆ, ದೋಣಿ ಮಾತ್ರ ಮುಂದೆ ಹೋಗುತ್ತಿಲ್ಲ. ದಡದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತಿ ನೋಡಿ, ‘ಎರ್ಡ್ ಚೀಲ ಹೊಯ್ಗಿ ಮುಂದ್ ಹಾಕ್ ಮಾರಾಯ’ ಅಂದರು. ಹೊಯ್ಗೆ ಅಂದರೆ ನಮ್ಮ ಕರಾವಳಿಯಲ್ಲಿ ಮರಳು. ಹಾಕಿದರು. ದೋಣಿ ನೆಟ್ಟಗಾಯಿತು, ಓಡಿತು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಯಾಕೆಂದರೆ 1966ರ ಚಳಿಗಾಲದಲ್ಲಿ, ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ, ಆಗ ಜಗತ್ತಿನ ಅತಿ ವೇಗದ ದೋಣಿ ಓಡಿಸುತ್ತಿದ್ದ ಡೊನಾಲ್ಡ್ ಕ್ಯಾಂಪ್‌ಬೆಲ್‌ರ ತಂಡ ಕೂಡ ಮರಳಿನ ಚೀಲಕ್ಕೇ ಕೈ ಹಾಕಿತ್ತು. ಒಂದೇ ವ್ಯತ್ಯಾಸ. ಅವರು ಚೀಲ ಕಟ್ಟಿದ್ದು ಹಿಂದಕ್ಕೆ.

ದೊಡ್ಡ ಎಂಜಿನ್ ಹಾಕಿದರೆ ಜಾಸ್ತಿ ವೇಗ ಬರುತ್ತೆ ಎಂದು ಎಲ್ಲರೂ ಹೇಳುತ್ತಾರೆ. ಮನೆಯಂಗಳದಲ್ಲಿ ಹಳೆ ಸ್ಪೀಡ್‌ಬೋಟ್ ಬಿಚ್ಚಿ ಹೊಸ ಎಂಜಿನ್ ಕೂರಿಸಲು ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆಯೂ ‘ಎಷ್ಟು ಎಚ್‌ಪಿ?’ ಎಂಬುದೇ. ನನಗೆ ಇದು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಎಂಜಿನ್ನಿಗೆ ತೂಕ ಇದೆ. ಆ ತೂಕಕ್ಕೆ ಒಂದು ಜಾಗ ಇದೆ. ಅದು ತಳ್ಳುವ ಬಲಕ್ಕೆ ಒಂದು ಎತ್ತರ ಇದೆ. ಈ ಮೂರರಲ್ಲಿ ಒಂದು ಬದಲಾದರೂ ನಿಮ್ಮ ಕೈಲಿರುವುದು ಹಳೇ ದೋಣಿಯಲ್ಲ, ಬೇರೆಯೇ ದೋಣಿ.

ಮನೆಯಲ್ಲೇ ಮಾಡಿ ಗೆದ್ದವರ ಕಥೆ ಮೊದಲು ಹೇಳುತ್ತೇನೆ. ಆಸ್ಟ್ರೇಲಿಯಾದ ಕೆನ್ ವಾರ್ಬಿ ವಿದ್ಯುತ್ ಉಪಕರಣ ಮಾರುವ ಸೇಲ್ಸ್‌ಮನ್ ಆಗಿದ್ದರು. 1970ರ ದಶಕದಲ್ಲಿ ಸಿಡ್ನಿಯ ತಮ್ಮ ಮನೆಯ ಹಿತ್ತಲಿನಲ್ಲಿ ದೋಣಿ ಕಟ್ಟತೊಡಗಿದರು. ನಕ್ಷೆ ಅವರದ್ದೇ, ಕೈಗಳೂ ಅವರವೇ. ಮಳೆ ಬಂದರೆ ಟಾರ್ಪಾಲ್ ಹೊದಿಸುವುದು, ನಿಂತ ಮೇಲೆ ಮತ್ತೆ ಕೆಲಸ. ಎಂಜಿನ್ ಬಂದದ್ದು ಮಿಲಿಟರಿ ಹರಾಜಿನಿಂದ. ವೆಸ್ಟಿಂಗ್‌ಹೌಸ್ ಜೆ34 ಎಂಬ ಜೆಟ್ ಎಂಜಿನ್ ಅವರಿಗೆ ನೂರು ಡಾಲರಿಗೂ ಕಡಿಮೆಗೆ ಸಿಕ್ಕಿತು! ದೋಣಿಯ ಹೆಸರು ‘ಸ್ಪಿರಿಟ್ ಆಫ್ ಆಸ್ಟ್ರೇಲಿಯಾ’. 1978ರ ಅಕ್ಟೋಬರ್ 8ರಂದು ಬ್ಲೋವರಿಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಗಂಟೆಗೆ 511.09 ಕಿಲೋಮೀಟರ್ ಓಡಿತು. ನೀರಿನ ಮೇಲಿನ ವೇಗದ ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ.

ಅದು ಮರದ ದೋಣಿ. ಮರದ ಚೌಕಟ್ಟು, ಮೇಲೆ ಪ್ಲೈವುಡ್, ಅದರ ಮೇಲೆ ಫೈಬರ್‌ಗ್ಲಾಸ್. ಒಳ್ಳೆಯ ಮರ ತನ್ನ ತೂಕಕ್ಕೆ ಹೋಲಿಸಿದರೆ ತುಂಬಾ ಗಟ್ಟಿ. ಅದು ಬಾಗುತ್ತದೆ, ಪೆಟ್ಟನ್ನು ನುಂಗುತ್ತದೆ. ಮರಕ್ಕಿರುವ ಶತ್ರು ಒಂದೇ, ಒಳಗೆ ಸೇರಿ ಹೊರಗೆ ಬರಲಾಗದ ನೀರು.

ಇದನ್ನೂ ನಾನು ಗಂಗೊಳ್ಳಿಯಲ್ಲೇ ಕಲಿತೆ. ದೋಣಿ ದಡಕ್ಕೆ ಬಂದ ಮೇಲೆ ಆ ಹಿರಿಯರು ಎದ್ದು ಬಂದು, ಎಂಜಿನ್ ಕೂರಿಸಿದ್ದ ಹಿಂಬದಿ ಹಲಗೆಯನ್ನು ಸುತ್ತಿಗೆಯ ಮರದ ಹಿಡಿಯಿಂದ ಬಡಿಯುತ್ತಾ ಹೋದರು. ತೆಂಗಿನಕಾಯಿ ಬಡಿದು ನೋಡುತ್ತೇವಲ್ಲ, ಹಾಗೆ. ಟಣ್, ಟಣ್, ಟಣ್. ಒಂದು ಕಡೆ ಮಾತ್ರ ಸದ್ದು ಸತ್ತುಹೋಯಿತು. ಬೋಲ್ಟ್ ಬಿಚ್ಚಿ, ಆ ತೂತಿಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಕೊಳೆತ ಹಲಸಿನ ಹಣ್ಣಿಗೆ ಹೋದ ಹಾಗೆ ಹೋಯಿತು. ಕಾಫಿ ಬಣ್ಣದ ನೀರು ಜಿನುಗಿತು. ಹೊರಗೆ ಫೈಬರ್ ಫಳಫಳ ಹೊಳೆಯುತ್ತಿತ್ತು. ಒಳಗಿನ ಪ್ಲೈವುಡ್ ಹಿಟ್ಟಾಗಿತ್ತು. ಎಂಜಿನ್ ಎಷ್ಟೇ ದೊಡ್ಡದಿರಲಿ, ಅದರ ಬಲವೆಲ್ಲ ದೋಣಿಗೆ ಮುಟ್ಟುವುದು ಈ ಹಲಗೆಯ ಮೂಲಕವೇ. ಹಳೆ ದೋಣಿಗೆ ಹೊಸ ಎಂಜಿನ್ ತರುವವರು ದುಡ್ಡು ಕೊಡುವ ಮೊದಲು ಮಾಡಬೇಕಾದ ಕೆಲಸ ಈ ಬಡಿಯುವುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈಗ ಸಮತೋಲದ ವಿಷಯ. ಎತ್ತಿನಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಗೊತ್ತು. ಹುಲ್ಲನ್ನು ಹಿಂದಕ್ಕೆ ಜಾಸ್ತಿ ಒಟ್ಟಿದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಎತ್ತುಗಳ ಕತ್ತು ಕುಸಿಯುತ್ತದೆ. ದೋಣಿಯೂ ಹಾಗೇ. ಆದರೆ ದೋಣಿಯಲ್ಲಿ ಭಾರದ ಜೊತೆಗೆ ತಳ್ಳುವ ಬಲವೂ ಈ ಆಟಕ್ಕೆ ಸೇರಿಕೊಳ್ಳುತ್ತದೆ.

ಮನೆಯಲ್ಲಿ ಬೀರು ತಳ್ಳಿ ನೋಡಿ. ಬುಡದ ಹತ್ತಿರ ಜೋರಾಗಿ ತಳ್ಳಿದರೆ ಅದರ ತಲೆ ನಿಮ್ಮ ಕಡೆಗೆ ವಾಲುತ್ತದೆ. ತಲೆಯ ಹತ್ತಿರ ತಳ್ಳಿದರೆ ಆಚೆಗೆ ಮಗುಚುತ್ತದೆ. ಬಲ ಅಷ್ಟೇ, ಬದಲಾದದ್ದು ಎತ್ತರ. ಔಟ್‌ಬೋರ್ಡ್ ಎಂಜಿನ್ನಿನ ಫ್ಯಾನು ನೀರಿನೊಳಗೆ, ದೋಣಿಯ ತಳಕ್ಕಿಂತಲೂ ಕೆಳಗಿನಿಂದ ತಳ್ಳುತ್ತದೆ. ಅದಕ್ಕೇ ಮೂತಿ ಮೇಲೇಳುತ್ತದೆ. ಜೆಟ್ ಎಂಜಿನ್ ದೋಣಿಯ ಮೈಯ ಮೇಲ್ಭಾಗದಲ್ಲಿ ಇರುತ್ತದೆ. ದೋಣಿಯನ್ನು ತಡೆಯುವ ನೀರು ಕೆಳಗೆ, ತಳ್ಳುವ ಬಲ ಮೇಲೆ. ಹಾಗಾಗಿ ಜೆಟ್ ತಳ್ಳುತ್ತಿರುವಷ್ಟು ಹೊತ್ತೂ ಮೂತಿಯನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಬಲ ಗಾಳಿಯದ್ದು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಹಾಗಾಗಿ ವೇಗದ ದೋಣಿ ನೀರನ್ನು ಸೀಳಿಕೊಂಡು ಹೋಗುವುದಿಲ್ಲ, ಅದರ ಮೇಲೆ ಜಾರುತ್ತದೆ. ಕೆರೆಯ ಮೇಲೆ ಚಪ್ಪಟೆ ಕಲ್ಲು ಜಿಗಿಸುತ್ತೇವಲ್ಲ, ಹಾಗೆ. ಕ್ಯಾಂಪ್‌ಬೆಲ್‌ರ ದೋಣಿ ಪೂರ್ತಿ ವೇಗದಲ್ಲಿ ನೀರನ್ನು ಮುಟ್ಟುತ್ತಿದ್ದದ್ದು ಮೂರೇ ಚಿಕ್ಕ ಜಾಗಗಳಲ್ಲಿ. ಮುಂದೆ ಎಡಬಲಕ್ಕೆ ಎರಡು ಪಾದ, ಹಿಂದೆ ಒಂದು. ಉಳಿದ ಮೈಯೆಲ್ಲ ಗಾಳಿಯಲ್ಲಿ.

ಸ್ಕೂಟರಿನ ಹಿಂದೆ ಪ್ಲೈವುಡ್ ಹಲಗೆ ಹಿಡಿದು ಕೂತಿದ್ದೀರಾ? ಹಲಗೆ ಮಟ್ಟಸವಾಗಿದ್ದರೆ ಸುಮ್ನೆ ಇರುತ್ತದೆ. ಮುಂದಿನ ಅಂಚು ಎರಡು ಬೆರಳು ಮೇಲಾದರೆ ಸಾಕು, ಕೈ ಕಿತ್ತುಕೊಂಡು ಹೋಗುವ ಹಾಗೆ ಎಳೆಯುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರು ಬರುವ ಗಾಳಿಯ ಒತ್ತಡ ಚದರ ಮೀಟರಿಗೆ ಹೆಚ್ಚುಕಡಿಮೆ 12 ಕಿಲೋ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ವೇಗ ಹತ್ತು ಪಟ್ಟಾದರೆ ನೂರು ಪಟ್ಟು. ಅಂದರೆ 500 ಕಿ.ಮೀ.ಗೆ ಚದರ ಮೀಟರಿಗೆ 1200 ಕಿಲೋ! ಅಷ್ಟು ವೇಗದಲ್ಲಿ ದೋಣಿಯ ಹೊಟ್ಟೆ ಗಾಳಿಗೆ ಕಾಣಿಸಿತು ಅಂದರೆ ಅದು ಹಲಗೆಯಾಯಿತು. ಮೊರದಲ್ಲಿ ಕೇರುವಾಗ ಮೂತಿ ಎತ್ತಿದ ಕೂಡಲೇ ಹೊಟ್ಟು ಹಾರುತ್ತದೆ. ಇಲ್ಲಿ ಹಾರುವುದು ಮೊರವೇ.

ಈಗ ಕಾನಿಸ್ಟನ್‌ಗೆ ಬರೋಣ. ಡೊನಾಲ್ಡ್ ಕ್ಯಾಂಪ್‌ಬೆಲ್‌ರ ದೋಣಿ ‘ಬ್ಲೂಬರ್ಡ್ ಕೆ7’. 1950ರ ದಶಕದ ಮಧ್ಯದಲ್ಲಿ ಕಟ್ಟಿದ್ದು. ಅದರ ಮೊದಲ ಎಂಜಿನ್ ಮೆಟ್ರೋಪಾಲಿಟನ್ ವಿಕರ್ಸ್ ಬೆರಿಲ್. ಆ ಎಂಜಿನ್ನಿನಲ್ಲೇ 1964ರ ಡಿಸೆಂಬರ್ 31ರಂದು ಆಸ್ಟ್ರೇಲಿಯಾದ ಡಂಬ್ಲಿಯಂಗ್ ಸರೋವರದಲ್ಲಿ 444.71 ಕಿ.ಮೀ. ದಾಖಲೆ ಮಾಡಿದರು. ಗಂಟೆಗೆ 300 ಮೈಲಿ, ಅಂದರೆ 483 ಕಿ.ಮೀ. ದಾಟುವ ಆಸೆಯಿಂದ 1966ರಲ್ಲಿ ಎಂಜಿನ್ ಬದಲಾಯಿಸಿದರು. ಹೊಸದು ಬ್ರಿಸ್ಟಲ್ ಆರ್ಫಿಯಸ್. ಹಳೆಯದಕ್ಕಿಂತ ಬಲ ಜಾಸ್ತಿ, ತೂಕ ತುಂಬಾ ಕಡಿಮೆ. ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ?

ಆರ್ಫಿಯಸ್ ಹೆಸರು ಬಂದಾಗ ನಾನು ಸುಮ್ಮನಿರಲಾರೆ. ಅದು ನ್ಯಾಟ್ ಯುದ್ಧವಿಮಾನದ ಎಂಜಿನ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನ್ ಕಾರ್ಖಾನೆ ಹುಟ್ಟಿದ್ದೇ, 1957ರಲ್ಲಿ, ಈ ಆರ್ಫಿಯಸ್‌ಗಾಗಿ. ನಮ್ಮ ನ್ಯಾಟ್‌ಗಳಿಗೆ ಒಂದೊಂದು, ಎಚ್‌ಎಎಲ್‌ನವರೇ ಕಟ್ಟಿದ ಮರುತ್ ಯುದ್ಧವಿಮಾನಕ್ಕೆ ಎರಡೆರಡು. ಹಳೆ ಮದ್ರಾಸ್ ರಸ್ತೆಯ ಆಸುಪಾಸಿನಲ್ಲಿ ಬೆಳೆದ ಎಷ್ಟೋ ಮಂದಿಯ ಅಪ್ಪಂದಿರ ಕೈ ಈ ಎಂಜಿನ್ನಿನ ಭಾಗಗಳನ್ನು ತಿರುವಿದೆ. ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋದರೆ ಮರುತ್‌ನ ಹಿಂದೆ ನಿಂತು ಆ ಎರಡು ದುಂಡನೆಯ ಬಾಯಿಗಳನ್ನು ನೋಡಿ. ಕ್ಯಾಂಪ್‌ಬೆಲ್‌ರ ಬೆನ್ನ ಹಿಂದೆ ಉರಿಯುತ್ತಿದ್ದದ್ದು ಇದೇ ವಂಶದ ಎಂಜಿನ್.

ಹೊಸ ಎಂಜಿನ್ ಒಂದೊಂದೇ ಲೆಕ್ಕ ತಪ್ಪಿಸುತ್ತಾ ಹೋಯಿತು. ಮೊದಲು, ಅದರ ಗಾಳಿಯ ಹಸಿವು ದೊಡ್ಡದು. ಹಳೇ ಎಂಜಿನ್ನಿಗೆಂದು ಮಾಡಿದ್ದ ಗಾಳಿದಾರಿ ಆ ಸೆಳೆತಕ್ಕೆ ಒಳಮುಖವಾಗಿ ಕುಸಿಯಿತು. ಚೂರುಗಳು ಎಂಜಿನ್ನಿನೊಳಗೇ ಹೋದವು. ಆ ಎಂಜಿನ್ ಅಲ್ಲಿಗೆ ಮುಗಿಯಿತು. ಇನ್ನೊಂದು ಆರ್ಫಿಯಸ್ ಹಾಕಿದರು. ಈಗ ದೋಣಿ ಏಳುತ್ತಲೇ ಇಲ್ಲ. ಹಿಂದಿನ ಭಾರ ಕಡಿಮೆಯಾಗಿ ಮುಂಭಾರವಾಗಿತ್ತು. ಜೊತೆಗೆ ಜೆಟ್ಟು ಮೂತಿಯನ್ನು ಮೊದಲಿಗಿಂತ ಜೋರಾಗಿ ಕೆಳಗೆ ಒತ್ತುತ್ತಿತ್ತು. ದೋಣಿ ನೀರನ್ನು ಉಳುತ್ತಾ ನಿಂತಿತು. ಆಗ ಬಂದದ್ದು ಮರಳಿನ ಚೀಲ. ಹಿಂಬದಿಗೆ ಕಟ್ಟಿ ನೋಡಿದರು, ದೋಣಿ ಎದ್ದಿತು. ಆಮೇಲೆ ಇಂಧನದ ಪಂಪಿನ ತೊಂದರೆ. ಅದನ್ನೂ ಬದಲಾಯಿಸುವಷ್ಟರಲ್ಲಿ ವರ್ಷ ಮುಗಿಯಿತು.

1967ರ ಜನವರಿ 4ರ ಬೆಳಿಗ್ಗೆ ಮೊದಲ ಓಟದ ಸರಾಸರಿ 297.6 ಮೈಲಿ, ಅಂದರೆ 479 ಕಿ.ಮೀ. ದಾಖಲೆಗೆ ಎರಡೂ ದಿಕ್ಕಿನಲ್ಲಿ ಓಡಬೇಕು, ಎರಡರ ಸರಾಸರಿಯೇ ಲೆಕ್ಕ. ಕ್ಯಾಂಪ್‌ಬೆಲ್ ಇಂಧನ ತುಂಬಿಸಲು ನಿಲ್ಲದೆ ಬೇಗನೆ ತಿರುಗಿ ಹೊರಟರು. ಮೊದಲ ಓಟದ ಅಲೆಗಳು ಇನ್ನೂ ಪೂರ್ತಿ ಅಡಗಿರಲಿಲ್ಲ. ಒಂದು ಕ್ಷಣ ವೇಗ 328 ಮೈಲಿ, ಅಂದರೆ 528 ಕಿ.ಮೀ. ಮುಟ್ಟಿತು. ದೋಣಿ ಪಾದದಿಂದ ಪಾದಕ್ಕೆ ಕುಣಿಯತೊಡಗಿತು. ಆ ಕ್ಷಣದಲ್ಲೇ ಎಂಜಿನ್ನಿನ ಬಲ ಬಿದ್ದುಹೋಯಿತು ಎಂಬುದನ್ನು ಹಲವು ವಿಶ್ಲೇಷಣೆಗಳು ಹೇಳುತ್ತವೆ. ಬೀರುವಿನ ತಲೆಯ ಮೇಲಿದ್ದ ಕೈ ಹಿಂದಕ್ಕೆ ಬಂದ ಹಾಗೆ. ಮೂತಿಯನ್ನು ಒತ್ತಿ ಹಿಡಿದದ್ದು ಇಲ್ಲವಾಯಿತು, ಗಾಳಿ ಹೊಟ್ಟೆಯನ್ನು ಹಿಡಿಯಿತು. ದೋಣಿ ಮೇಲೆದ್ದು, ಹಿಂದಕ್ಕೆ ಮಗುಚಿ, ನೀರಿಗೆ ಬಡಿದು ಒಡೆಯಿತು. ಕ್ಯಾಂಪ್‌ಬೆಲ್ ತೀರಿಕೊಂಡರು.

ಈ ಸಾವಿನ ಬಗ್ಗೆ ಜನ ಜಾಸ್ತಿ ಹೇಳುವ ಕಥೆ ಬೇರೆ. ಹಿಂದಿನ ರಾತ್ರಿ ಇಸ್ಪೀಟಿನಲ್ಲಿ ಅವರಿಗೆ ಸ್ಪೇಡಿನ ಎಕ್ಕ ಮತ್ತು ರಾಣಿ ಬಂದಿದ್ದವಂತೆ. ಹಿಂದೆ ಸ್ಕಾಟ್ಲೆಂಡಿನ ರಾಣಿ ಮೇರಿಗೆ ತಲೆ ಕಡಿಯುವ ಮೊದಲು ಬಂದದ್ದೂ ಅವೇ ಎಂದು ಕ್ಯಾಂಪ್‌ಬೆಲ್ ಅಳುಕಿದರಂತೆ. ಅವರು ಶಕುನ ನಂಬುತ್ತಿದ್ದವರು, ಹಸಿರು ಬಣ್ಣ ಅಂದರೆ ಆಗುತ್ತಿರಲಿಲ್ಲ. ಅವರ ಜೊತೆ ಸದಾ ಇರುತ್ತಿದ್ದ ಪುಟ್ಟ ಆಟದ ಕರಡಿ ಅವತ್ತು ನೀರಿನ ಮೇಲೆ ತೇಲುತ್ತಿತ್ತು. ಭಯ ಎಲ್ಲರಿಗೂ ಇರುತ್ತದೆ. ಅಂಥ ಕೆಲಸಕ್ಕೆ ಕೂರುವ ಮನುಷ್ಯನಿಗೆ ಒಂದು ಕರಡಿ ಧೈರ್ಯ ಕೊಟ್ಟರೆ ನಾನು ಬೇಡ ಅನ್ನುವುದಿಲ್ಲ. ಆಯುಧಪೂಜೆಗೆ ನಾನೂ ಸ್ಕೂಟರ್ ತೊಳೆದು ಹೂ ಇಡುತ್ತೇನೆ. ನನ್ನ ಚಿಂತೆ ಬೇರೆ. ‘ಎಲೆ ಹಾಗೆ ಬಿತ್ತು, ಸತ್ತರು’ ಅಂದುಬಿಟ್ಟರೆ ಅಲೆ, ಪಂಪು, ಮುಂಭಾರ, ಗಾಳಿ ಯಾವುದನ್ನೂ ಯಾರೂ ಮತ್ತೆ ನೋಡುವುದಿಲ್ಲ. ಮುಂದಿನವನು ಅದೇ ಜಾಗದಲ್ಲಿ ಮಗುಚುತ್ತಾನೆ. ವಾರ್ಬಿಯ ದಾಖಲೆ ಮುರಿಯಲು ಹೋದ ಅಮೆರಿಕದ ಲೀ ಟೇಲರ್ 1980ರಲ್ಲಿ, ಕ್ರೇಗ್ ಆರ್ಫನ್ಸ್ 1989ರಲ್ಲಿ ಪ್ರಾಣ ಬಿಟ್ಟರು.

ವಾರ್ಬಿಗೆ ಚಿಕ್ಕಂದಿನಿಂದ ಕ್ಯಾಂಪ್‌ಬೆಲ್ ಅಂದರೆ ಆರಾಧನೆ. ಆದರೆ ಅವರು ಲೆಕ್ಕ ಕೇಳಿದರು. ಕ್ಯಾಂಪ್‌ಬೆಲ್‌ರ ಯೋಜನೆಗಳಲ್ಲಿ ಕೆಲಸ ಮಾಡಿದ್ದ ಪ್ರೊಫೆಸರ್ ಟಾಮ್ ಫಿಂಕ್ ಆಗ ಸಿಡ್ನಿಯಲ್ಲಿದ್ದರು. ಅವರ ಸಲಹೆ ಹಿತ್ತಲಿನ ದೋಣಿಗೆ ಸಿಕ್ಕಿತು. ನನಗೆ ಈ ಕೊಂಡಿ ಆ 511 ಕಿಲೋಮೀಟರಿಗಿಂತ ದೊಡ್ಡದಾಗಿ ಕಾಣುತ್ತದೆ.

ಕೆ7 ಕೂಡ ಮತ್ತೆ ಎದ್ದಿತು. 34 ವರ್ಷ ಸರೋವರದ ತಳದಲ್ಲಿದ್ದ ಅದನ್ನು ಬಿಲ್ ಸ್ಮಿತ್ ಎಂಬ ಮುಳುಗುಗಾರರ ತಂಡ 2001ರ ಮಾರ್ಚ್‌ನಲ್ಲಿ ಮೇಲೆತ್ತಿತು. ಮೇ ತಿಂಗಳಲ್ಲಿ ಕ್ಯಾಂಪ್‌ಬೆಲ್‌ರ ದೇಹವೂ ಸಿಕ್ಕಿತು. ನಾರ್ತ್ ಶೀಲ್ಡ್ಸ್ ಊರಿನ ಒಂದು ವರ್ಕ್‌ಶಾಪಿನಲ್ಲಿ ಸ್ವಯಂಸೇವಕರು ಸಂಜೆ, ರಜೆ ಎನ್ನದೆ ಕೂತು, ಮುದುಡಿದ ತಗಡನ್ನು ಹೊಸದಕ್ಕೆ ಬದಲಾಯಿಸದೆ ಆದಷ್ಟೂ ತಟ್ಟಿ ತಟ್ಟಿ ನೇರ ಮಾಡಿದರು. ಹಳೇ ಎಂಜಿನ್ ಬಳಸುವಂತಿರಲಿಲ್ಲ. ಬೇರೊಂದು ಆರ್ಫಿಯಸ್ ಹುಡುಕಿ ಕೂರಿಸಿದರು. 2018ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಲಾಕ್ ಫ್ಯಾಡ್ ಕೆರೆಯಲ್ಲಿ ಅದು ಓಡಿತು. 2024ರಲ್ಲಿ ಕಾನಿಸ್ಟನ್‌ನ ರಸ್ಕಿನ್ ಮ್ಯೂಸಿಯಮ್ಮಿಗೆ ಮನೆ ಸೇರಿತು.

ಕೆನ್ ವಾರ್ಬಿ 2023ರಲ್ಲಿ ತೀರಿಕೊಂಡರು. ಅಪ್ಪ, ಮಗ ಸೇರಿ ಕಟ್ಟಿದ ‘ಸ್ಪಿರಿಟ್ ಆಫ್ ಆಸ್ಟ್ರೇಲಿಯಾ 2’ ಈಗ ಮಗ ಡೇವ್ ವಾರ್ಬಿಯ ಕೈಯಲ್ಲಿದೆ. ಇಟಲಿಯ ಹಳೇ ಫಿಯಟ್ ಜಿ91 ಯುದ್ಧವಿಮಾನದ ಎಂಜಿನ್ ಅದರಲ್ಲಿದೆ. ಅದೂ ಆರ್ಫಿಯಸ್ಸೇ. ಬ್ಲೋವರಿಂಗ್ ಹಿನ್ನೀರಿನಲ್ಲಿ ಡೇವ್ ಪೂರ್ತಿ ಬಲ ಕೊಡುವ ಆತುರ ಮಾಡದೆ, ಸ್ವಲ್ಪ ಸ್ವಲ್ಪವೇ ವೇಗ ಏರಿಸುತ್ತಾ ಪರೀಕ್ಷೆ ಓಟ ನಡೆಸುತ್ತಾ ಬಂದಿದ್ದಾರೆ.