ಸೆರಾಮಿಕ್ಕಿಗೆ ಸ್ಟೀಲ್ ಬೆಸೆಯಲು ಬರುವುದಿಲ್ಲವೇ?

ಪ್ರಶ್ನೆ: ಅಂಕೋಲೆಯಲ್ಲಿ ನಮ್ಮದು ಸಿಗಡಿ ಕೃಷಿ. ಕೆರೆಗೆ ಉಪ್ಪುನೀರು ಎತ್ತುವ ಪಂಪಿನಲ್ಲಿ ಸ್ಟೇನ್‌ಲೆಸ್ ಶಾಫ್ಟಿನ ಮೇಲಿನ ಸೆರಾಮಿಕ್ ಸ್ಲೀವ್ (ಕೊಳವೆಯಂಥ ಹೊದಿಕೆ) ಸಡಿಲಾಗಿ ತಿರುಗುತ್ತಿದೆ. ವೆಲ್ಡ್ ಮಾಡಿಕೊಡಿ ಎಂದು ಕೇಳಿದರೆ ಕಾರವಾರದ ವರ್ಕ್‌ಶಾಪಿನಲ್ಲಿ ಆಗುವುದಿಲ್ಲ ಎಂದರು. ಹಾಗಾದರೆ ದೋಣಿ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ನಲ್ಲಿ ಪಿಂಗಾಣಿಯೂ ಕಬ್ಬಿಣವೂ ಸೇರಿಕೊಂಡಿರುವುದು ಹೇಗೆ?

ಉತ್ತರ: ವರ್ಕ್‌ಶಾಪಿನವರು ಹೇಳಿದ್ದು ಸರಿ. ಸ್ಲೀವ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯುಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಸೆರಾಮಿಕ್. ಅದು ಕರಗಲು 2000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸ್ಟೀಲ್ 1500ರ ಒಳಗೇ ನೀರಾಗುತ್ತದೆ. ಎರಡೂ ಒಟ್ಟಿಗೆ ಕರಗಿ ಬೆರೆಯುವ ಮಾತೇ ಇಲ್ಲ. ನಡುವೆ ಬೆಳ್ಳಿ ಬೆಸುಗೆ ಹಾಕೋಣವೆಂದರೆ, ಕರಗಿದ ಲೋಹ ಅಲ್ಯುಮಿನಾದ ಮೇಲೆ ಹರಡದೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಗುಂಡಾಗಿ ಜಾರುತ್ತದೆ.

ಕಾರ್ಖಾನೆಗಳು ಇದಕ್ಕೆ ಎರಡು ದಾರಿ ಕಂಡುಕೊಂಡಿವೆ. ಹಳೆಯದರಲ್ಲಿ ಮಾಲಿಬ್ಡಿನಂ ಮತ್ತು ಮ್ಯಾಂಗನೀಸ್ ಪುಡಿಯನ್ನು ಸೆರಾಮಿಕ್ಕಿಗೆ ಬಳಿದು, ತೇವದ ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ ಸುಮಾರು 1400–1500 ಡಿಗ್ರಿಯಲ್ಲಿ ಸುಡುತ್ತಾರೆ. ಆ ಲೇಪಕ್ಕೆ ನಿಕಲ್ ಹಚ್ಚಿದರೆ ಬೆಸುಗೆ ಹಿಡಿಯುತ್ತದೆ. ಇನ್ನೊಂದರಲ್ಲಿ ಬೆಳ್ಳಿ–ತಾಮ್ರದ ಬೆಸುಗೆಗೇ ತುಸು ಟೈಟೇನಿಯಂ ಬೆರೆಸುತ್ತಾರೆ. ಟೈಟೇನಿಯಂ ಅಲ್ಯುಮಿನಾದೊಳಗಿನ ಆಮ್ಲಜನಕದ ಜೊತೆ ಸೇರಿ ಹಿಡಿತ ಕೊಡುತ್ತದೆ. ಗಾಳಿ ತಾಗಿದರೆ ಅದು ಅಲ್ಲೇ ಆಕ್ಸೈಡ್ ಆಗಿಬಿಡುವುದರಿಂದ ನಿರ್ವಾತ ಕುಲುಮೆಯೋ ಶುದ್ಧ ಆರ್ಗಾನ್ ಅನಿಲ ತುಂಬಿದ ಕುಲುಮೆಯೋ ಬೇಕೇ ಬೇಕು. ಗ್ಯಾಸ್ ಟಾರ್ಚಿನಿಂದ ಸಾಧ್ಯವಿಲ್ಲ.

ಹಿಡಿಯಿತು ಎಂದೇ ಇಟ್ಟುಕೊಳ್ಳಿ. ನಿಜವಾದ ಕಷ್ಟ ಆರುವಾಗ ಬರುತ್ತದೆ. ಬೆಸುಗೆ ಗಟ್ಟಿಯಾಗುವ ಸುಮಾರು 800 ಡಿಗ್ರಿಯಿಂದ ನಮ್ಮ ಕರಾವಳಿಯ 30 ಡಿಗ್ರಿಗೆ ಇಳಿಯುವಷ್ಟರಲ್ಲಿ 10 ಸೆಂ.ಮೀ. ಉದ್ದದ ಸ್ಟೇನ್‌ಲೆಸ್ ಸುಮಾರು 1.3 ಮಿ.ಮೀ. ಕುಗ್ಗುತ್ತದೆ, ಅಲ್ಯುಮಿನಾ ಅದರ ಅರ್ಧದಷ್ಟು. ಉಳಿದದ್ದೆಲ್ಲ ಸೆಳೆತವಾಗಿ ಸೆರಾಮಿಕ್ಕಿನ ಮೇಲೆ ಬೀಳುತ್ತದೆ. ಒತ್ತಿದರೆ ಎಷ್ಟು ಬೇಕಾದರೂ ತಾಳುವ, ಎಳೆದರೆ ಬೇಗ ಸೀಳುವ ವಸ್ತು ಇದು. ಅದಕ್ಕೇ ಕುಗ್ಗುವಿಕೆ ಹೊಂದುವ ಕೋವಾರ್ ಎಂಬ ಕಬ್ಬಿಣ–ನಿಕಲ್–ಕೋಬಾಲ್ಟ್ ಮಿಶ್ರಲೋಹವನ್ನೋ ಟೈಟೇನಿಯಮ್ಮನ್ನೋ ಆರಿಸುತ್ತಾರೆ.

ಸ್ಪಾರ್ಕ್ ಪ್ಲಗ್ ತಯಾರಿಸಿದವರ ಜಾಣತನ ನನಗೆ ಬಹಳ ಮೆಚ್ಚುಗೆ. ಅಲ್ಲಿ ಹೊರಗಿನ ಕಬ್ಬಿಣಕ್ಕೂ ಪಿಂಗಾಣಿಗೂ ಬೆಸುಗೆಯೇ ಇಲ್ಲ. ಕಬ್ಬಿಣದ ಕವಚದ ಅಂಚನ್ನು ಒಳಕ್ಕೆ ಮಡಚಿ ಬಿಗಿದಿರುತ್ತಾರೆ. ಹಲವು ಪ್ಲಗ್‌ಗಳಲ್ಲಿ ಸಂದಿಗೆ ಟಾಲ್ಕ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ನಡುವಿನ ಕಡ್ಡಿಯನ್ನು ಮಾತ್ರ ಲೋಹದ ಪುಡಿ ಬೆರೆಸಿದ ಗಾಜನ್ನು ಕರಗಿಸಿ ಕೂರಿಸುತ್ತಾರೆ. ಹೈಟೆನ್ಷನ್ ಲೈನಿನ ಪಿಂಗಾಣಿ ತಟ್ಟೆಗಳಲ್ಲಂತೂ ಲೋಹದ ಟೋಪಿಯನ್ನು ಹಿಡಿದಿರುವುದು ಸಿಮೆಂಟು!

ನಿಮ್ಮ ಸ್ಲೀವ್‌ಗೆ ಈ ಬಿಗಿಯುವ ಉಪಾಯ ನಡೆಯದು, ಏಕೆಂದರೆ ಲೋಹ ಒಳಗಿದೆ, ಸೆರಾಮಿಕ್ ಹೊರಗಿದೆ. ಬಿಗಿಯಾಗಿ ಕೂರಿಸಿದರೆ ಶಾಫ್ಟು ಬಿಸಿಯಾದಾಗ ಉಬ್ಬಿ ಸ್ಲೀವ್ ಸೀಳುತ್ತದೆ. ನಿಮಗೆ ಬೇಕಾದದ್ದು ಎರಡು ಭಾಗದ ಎಪಾಕ್ಸಿ ಅಂಟು. ಮೊದಲು ಸ್ಲೀವ್‌ಗೆ ಶಾಯಿ ಹಚ್ಚಿ ಒರೆಸಿ ನೋಡಿ. ಕೂದಲೆಳೆಯಂಥ ಗೆರೆ ಉಳಿದರೆ ಬಿರುಕಿದೆ, ಹೊಸದು ತನ್ನಿ. ಇಲ್ಲವಾದರೆ ಹಳೆಯ ಅಂಟನ್ನೆಲ್ಲ ಕೆರೆದು, ಶಾಫ್ಟನ್ನು ಎಮರಿ ಕಾಗದದಿಂದ ಒರಟು ಮಾಡಿ, ಎರಡನ್ನೂ ಅಸಿಟೋನಿನಿಂದ ಒರೆಸಿ. ಉಪ್ಪಿನ ಅಂಶವಾಗಲಿ ಗ್ರೀಸಾಗಲಿ ಉಳಿದರೆ ಅಂಟು ನಿಲ್ಲದು. ಸುತ್ತಲೂ 0.1ರಿಂದ 0.2 ಮಿ.ಮೀ. ಸಂದಿ ಇರಲಿ, ಲೋಹದ ಉಬ್ಬುವಿಕೆಯನ್ನು ಆ ತೆಳು ಪದರವೇ ನುಂಗಬೇಕು. ಎರಡು ತುದಿಗೂ ಓ-ರಿಂಗ್ (ರಬ್ಬರಿನ ಬಳೆ) ಹಾಕಿಸಿ, ಉಪ್ಪುನೀರು ಅಂಟಿನ ಅಂಚಿಗೆ ಇಳಿಯದಂತೆ.

ಸಾಮಾನ್ಯ ಎಪಾಕ್ಸಿ ಹೆಚ್ಚು ಬಿಸಿ ತಾಳದು. ಇಳಿತದ ಹೊತ್ತಿನಲ್ಲಿ ನೀರು ಸಿಗದೆ ಪಂಪು ಒಣಗಿ ಓಡಿದರೆ ಇದೂ ಕಿತ್ತು ಬರುತ್ತದೆ, ಹಾಗಾಗಿ ನೀರು ತಗ್ಗಿದೊಡನೆ ಮೋಟಾರ್ ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನೂ ಈಗಲೇ ಕೂರಿಸಿಕೊಳ್ಳಿ.