ಒಲೆಗೆ ಏರುವ ಮೊದಲೇ ಅಂಟುವ ರೋಗ: ಅಡವಿ ಖಂಡದ ಹಿಂದಿನ ಕಥೆ

'ಅಡವಿ ಹಂದಿ ಇರ್ಲಿ, ಮೊಲ ಇರ್ಲಿ, ಛಲೋತ್ನಂಗ ಕುದಿಸಿದ್ರ ಯಾವ ರೋಗಾನೂ ಬರೂದಿಲ್ಲ.' ಖಾನಾಪುರದ ಕಾಡಂಚಿನಿಂದ ಬೀಳಗಿಯ ಕಬ್ಬಿನ ಹೊಲದವರೆಗೆ ಈ ಮಾತು ಚಾಲ್ತಿಯಲ್ಲಿದೆ. ಮಾತಿನಲ್ಲಿ ಅರ್ಧ ನಿಜವೂ ಇದೆ. ಚೆನ್ನಾಗಿ ಕುದಿಯುವ ಸಾರಿನಲ್ಲಿ ಬಹಳಷ್ಟು ರೋಗಾಣುಗಳು, ಹುಳುಗಳು ಸಾಯುತ್ತವೆ. ಆದರೆ ಖಂಡ ಸಾರಿಗೆ ಬೀಳುವ ಮುಂಚೆ ಯಾರೋ ಆ ಪ್ರಾಣಿಯನ್ನು ಹಿಡಿದಿರುತ್ತಾರೆ, ಹೆಗಲ ಮೇಲೆ ಹೊತ್ತಿರುತ್ತಾರೆ, ಚರ್ಮ ಸುಲಿದಿರುತ್ತಾರೆ. ಮನೆಯ ಹೆಣ್ಣುಮಗಳು ಅದನ್ನು ತೊಳೆದು ತುಂಡು ಮಾಡಿರುತ್ತಾಳೆ. ಕಾಡುಪ್ರಾಣಿಯಿಂದ ಮನುಷ್ಯನಿಗೆ ದಾಟಿದ ದೊಡ್ಡ ರೋಗಗಳಲ್ಲಿ ಹಲವು ದಾಟಿದ್ದು ಈ ಹಂತದಲ್ಲೇ. ಊಟದ ಮಾತು ಆಮೇಲಿನದು.

ಈ ಸೀಮೆಗೆ ಬೇಟೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಅರಸ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಬೇಟೆಯ ಬಗೆಗಳೂ ಇವೆ, ಹಂದಿಯ ಮಾಂಸವನ್ನು ಸುಡುವ, ಬೇಯಿಸುವ ಕ್ರಮಗಳೂ ಇವೆ. ಅರಸರಿಗೆ ಬೇಟೆ ವಿನೋದ. ಬೇಡರಿಗೆ ಅದು ಬದುಕು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ವಿರುದ್ಧ ಎದ್ದದ್ದು ಇದೇ ಕಾರಣಕ್ಕೆ. ಆಯುಧಗಳನ್ನು ಒಪ್ಪಿಸಬೇಕು ಅನ್ನುವ ಕಾನೂನು ಬಂತು. ಆಯುಧ ಕೊಟ್ಟರೆ ಹೊಟ್ಟೆಗೂ ಇಲ್ಲ, ಮಾನಕ್ಕೂ ಇಲ್ಲ ಅನ್ನುವ ಸ್ಥಿತಿ. ಅವರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಅಡವಿಯ ಊಟದ ಬಗ್ಗೆ ಮಾತಾಡುವಾಗ ಈ ಇತಿಹಾಸ ಮರೆಯಬಾರದು ಅನ್ನುವುದು ನನ್ನ ಅನಿಸಿಕೆ. ಬೇಟೆಯಾಡಿದವರನ್ನೆಲ್ಲ ಸುಮ್ನೆ ಕಳ್ಳರ ಸಾಲಿಗೆ ನಿಲ್ಲಿಸುವುದು ತಪ್ಪು.

ಅದೇ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಬೇಟೆ ನಾಯಿಯ ತಳಿಯನ್ನು ಜತನದಿಂದ ಬೆಳೆಸಿದರು. ಐದನೇ ಜಾರ್ಜ್ ದೊರೆಗೆ ಉಡುಗೊರೆಯಾಗಿ ಕೊಟ್ಟರು. ಇವತ್ತು ಮುಧೋಳ ನಾಯಿ ದೇಶಕ್ಕೆಲ್ಲ ಗೊತ್ತು. ಬಯಲುಸೀಮೆಯಲ್ಲಿ ಮೊಲವನ್ನು ಅಟ್ಟಿ ಹಿಡಿಯಲು ಇದಕ್ಕಿಂತ ಚುರುಕಾದ ನಾಯಿ ಇರಲಿಲ್ಲ.

ಆಗಿನ ಬೇಟೆಯ ಊಟಕ್ಕೆ ಒಂದು ಪದ್ಧತಿ ಇತ್ತು. ಹೊಡೆದದ್ದನ್ನು ಅವತ್ತೇ ಸುಟ್ಟು, ಬೇಯಿಸಿ, ಹಂಚಿ ತಿನ್ನುತ್ತಿದ್ದರು. ಇಡಲು ಜಾಗವಿರಲಿಲ್ಲ, ಮಾರಲು ದೂರದ ಗಿರಾಕಿ ಇರಲಿಲ್ಲ. ಹಾಗಂತ ಅವರಿಗೆ ರೋಗ ಬರುತ್ತಿರಲಿಲ್ಲ ಎಂದಲ್ಲ. ಬಂದ ಜ್ವರಕ್ಕೆ ದೆವ್ವದ ಕಾಟ ಎಂದೋ, ದೇವರ ಮುನಿಸು ಎಂದೋ ಹೆಸರಿಟ್ಟು ಸುಮ್ಮನಾಗುತ್ತಿದ್ದರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಮೊದಲು ಅದರಲ್ಲೂ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯುವ ದಾರಿ ಇತ್ತು. 1991ರ ತಿದ್ದುಪಡಿ ಆ ದಾರಿ ಮುಚ್ಚಿತು. 2022ರ ತಿದ್ದುಪಡಿ ದಂಡ ಹೆಚ್ಚಿಸಿತು. ಈಗ ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಕೃಷ್ಣಮೃಗ, ಚಿಂಕಾರ, ಚಿಪ್ಪುಹಂದಿಯಂಥ ಮೊದಲ ಪಟ್ಟಿಯ ಪ್ರಾಣಿಗಳಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ನಮ್ಮ ಭಾಗದ ಕಾಡುಗಳಿಗೂ ರಕ್ಷಣೆ ಸಿಕ್ಕಿತು. 2011ರಲ್ಲಿ ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಜೀವಿ ಧಾಮವಾಯಿತು. ಬೀಳಗಿ, ಮುಧೋಳ ತಾಲ್ಲೂಕುಗಳ ಕುರುಚಲು ಕಾಡಿನಲ್ಲಿ ಸುಮಾರು 96 ಚದರ ಕಿಲೋಮೀಟರ್ ಜಾಗ ಯಡಹಳ್ಳಿ ಚಿಂಕಾರ ಧಾಮವಾಯಿತು.

ಕಾನೂನು ಪ್ರಾಣಿಗಳನ್ನು ಉಳಿಸಿತು, ಅದರಲ್ಲಿ ಅನುಮಾನ ಬೇಡ. ಆದರೆ ತಿನ್ನುವ ಚಪಲ ಪೂರ್ತಿ ಹೋಗಲಿಲ್ಲ. ಬೇಟೆ ಕತ್ತಲಿಗೆ ಸರಿಯಿತು, ಉರುಳು, ನಾಡಬಂದೂಕು ಉಳಿದುಕೊಂಡವು. ಮೊದಲು ಹಸಿದವನು ಬೇಟೆಯಾಡುತ್ತಿದ್ದ. ಈಗ ಜಾಸ್ತಿ ದುಡ್ಡು ಕೊಡಲು ತಯಾರಿರುವವರು ತೋಟದ ಮನೆಯ ಪಾರ್ಟಿಗೆ ತರಿಸುತ್ತಾರೆ. ಖಂಡ ಗೋಣಿಚೀಲದಲ್ಲಿ, ಬೈಕಿನ ಮೇಲೆ, ಕದ್ದುಮುಚ್ಚಿ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದ ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ಕರುಳು ಒಡೆದ ಪ್ರಾಣಿಯ ಮಾಂಸ ಆ ಸೆಕೆಯಲ್ಲಿ ಎರಡು ಮೂರು ತಾಸು ಇದ್ದರೆ ಸಾಕು, ಬ್ಯಾಕ್ಟೀರಿಯಾ ಬೇಕಾದಷ್ಟು ಬೆಳೆಯುತ್ತವೆ. ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಈ ಮಾಂಸವನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಕಸಾಯಿಖಾನೆಯ ನಿಯಮದ ಪ್ರಕಾರ ಕುರಿ, ಆಡುಗಳನ್ನು ಕಡಿಯುವ ಮೊದಲೂ ಆಮೇಲೂ ಪಶುವೈದ್ಯರು ನೋಡಬೇಕು. ಈ ಪದ್ಧತಿ ಹುಟ್ಟಿದ್ದರ ಹಿಂದೆ ದೊಡ್ಡ ಕಥೆ ಇದೆ. 1835ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್ ಹೆಣದ ಸ್ನಾಯುಗಳಲ್ಲಿ ಬಿಳಿ ಚುಕ್ಕೆ ಕಂಡ. ನೋಡಿದರೆ ಅವು ಸುರುಳಿ ಸುತ್ತಿದ ಸಣ್ಣ ಹುಳುಗಳು. ಟ್ರೈಕಿನೆಲ್ಲಾ ಅನ್ನುವ ಹೆಸರು ಅವಕ್ಕೆ ಬಂತು. ಅವು ಇದ್ದರೆ ಏನಾಗುತ್ತದೆ ಅನ್ನುವುದು ಇಪ್ಪತ್ತೈದು ವರ್ಷ ಯಾರಿಗೂ ಗೊತ್ತಾಗಲಿಲ್ಲ. 1860ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮನೆಗೆಲಸದ ಯುವತಿಯೊಬ್ಬಳು ತೀರಿಕೊಂಡಳು. ಟೈಫಾಯ್ಡ್ ಎಂದುಕೊಂಡಿದ್ದರು. ಝೆಂಕರ್ ಅನ್ನುವ ವೈದ್ಯ ಪರೀಕ್ಷಿಸಿದಾಗ ಆಕೆಯ ಸ್ನಾಯುಗಳ ತುಂಬ ಇದೇ ಹುಳು. ಕ್ರಿಸ್‌ಮಸ್ ಹೊತ್ತಿಗೆ ಕಡಿದ ಹಂದಿಯ ಮಾಂಸ ಆಕೆ ತಿಂದಿದ್ದಳು. ಉಳಿದ ಮಾಂಸ ಹುಡುಕಿ ನೋಡಿದರೆ ಅದರಲ್ಲೂ ಹುಳು. ಇದಾದ ಮೇಲೆ ಫಿರ್ಕೊ ಎಂಬ ಹೆಸರಾಂತ ವೈದ್ಯ ಹಟ ಹಿಡಿದು ಮಾಂಸದ ತಪಾಸಣೆಗೆ ಒತ್ತಾಯಿಸಿದ. ತಪಾಸಣೆ ಬಂದ ಕಡೆಗಳಲ್ಲಿ ಊರ ಹಂದಿಯಿಂದ ಬರುವ ಈ ರೋಗ ಇಳಿಯಿತು. ಕಾಡುಹಂದಿಯಲ್ಲಿ ಮಾತ್ರ ಹಾಗೇ ಉಳಿಯಿತು.

ನಮ್ಮ ದೇಶದಲ್ಲೂ ಉತ್ತರಾಖಂಡದ ತೆಹ್ರಿ ಗಢವಾಲದಲ್ಲಿ ಅರೆಬೆಂದ ಕಾಡುಹಂದಿ ತಿಂದವರು ಒಟ್ಟಿಗೆ ಈ ರೋಗಕ್ಕೆ ಬಿದ್ದರು, ಸಾವೂ ಆಯಿತು. ಮೊದಲು ಹೊಟ್ಟೆನೋವು, ಭೇದಿ. ಒಂದೆರಡು ವಾರ ಬಿಟ್ಟು ಜ್ವರ, ಮುಖ ಮತ್ತು ಕಣ್ಣಿನ ಸುತ್ತ ಬಾವು, ಮೈಕೈ ಸೆಳೆತ. ಹೊಗೆ ಕೊಟ್ಟ, ಉಪ್ಪು ಹಾಕಿ ಒಣಗಿಸಿದ ಖಂಡದಲ್ಲಿ ಈ ಹುಳು ಸಾಯುತ್ತದೆ ಎಂದು ನಂಬುವಂತಿಲ್ಲ. ಹೊರಗೆ ಕಪ್ಪಾಗಿ ಒಳಗೆ ಕೆಂಪಗೆ ಉಳಿಯುವ, ಕೆಂಡದ ಮೇಲೆ ಸುಟ್ಟ ತುಂಡು ಅದಕ್ಕೇ ಅಪಾಯ. ಜಪಾನಿನಲ್ಲಿ ಹಸಿ ಜಿಂಕೆ ಮಾಂಸ ತಿಂದವರಿಗೆ ಅದರಿಂದಲೇ ಹೆಪಟೈಟಿಸ್ ಇ ಎಂಬ ಯಕೃತ್ತಿನ ರೋಗ ಬಂದದ್ದನ್ನು 2003ರಲ್ಲಿ ವೈದ್ಯರು ಖಚಿತ ಮಾಡಿದರು.

ಇನ್ನು ಕೈಯ ಮೂಲಕ ದಾಟುವ ರೋಗಗಳು. 1996ರಲ್ಲಿ ಆಫ್ರಿಕಾದ ಗಬೋನ್ ದೇಶದ ಮಾಯಿಬೂ ಎಂಬ ಹಳ್ಳಿಯ ಜನರಿಗೆ ಕಾಡಿನಲ್ಲಿ ಸತ್ತು ಬಿದ್ದಿದ್ದ ಚಿಂಪಾಂಜಿ ಸಿಕ್ಕಿತು. ಊರಿಗೆ ತಂದು ಕೊಯ್ದರು. ಮೊದಲು ಮಲಗಿದ್ದು ಅದನ್ನು ಹೊತ್ತವರು, ಸುಲಿದವರು. ಅದು ಎಬೋಲಾ ಎಂಬ ಮಾರಕ ಜ್ವರ. 2002ರ ಕೊನೆಗೆ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಶುರುವಾದ ಸಾರ್ಸ್ ರೋಗದ ಮೊದಮೊದಲ ರೋಗಿಗಳಲ್ಲಿ ಪ್ರಾಣಿ ಮಾರುವವರು, ಅಡುಗೆಯವರು ಇದ್ದರು. ಆ ರೋಗ 774 ಜನರನ್ನು ತೆಗೆದುಕೊಂಡು ಹೋಯಿತು. ಕೋವಿಡ್ ಶುರುವಾದ ಮೇಲೆ, 2020ರ ಫೆಬ್ರವರಿಯಲ್ಲಿ ಚೀನಾ ನೆಲದ ಮೇಲಿನ ಕಾಡುಪ್ರಾಣಿಗಳನ್ನು ತಿನ್ನುವುದನ್ನೇ ನಿಷೇಧಿಸಿತು.

ಅವೆಲ್ಲ ದೂರದ ದೇಶದ ಮಾತು ಅನ್ನಿಸಬಹುದು. ಹಾಗಾದರೆ ಬೆಳಗಾವಿಗೇ ಬನ್ನಿ. ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರ್‌ನಲ್ಲಿ ಹೆಚ್ಚುಕಡಿಮೆ ಮೂವತ್ತು ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಸತ್ತವು. ಕಾರಣ ಗಳಲೆ ರೋಗ, ನಮ್ಮ ದನ ಎಮ್ಮೆಗಳಿಗೆ ಬರುವ ಅದೇ ಗಂಟಲು ಬೇನೆ. ಇದು ಮನುಷ್ಯರಿಗೆ ಸುಲಭವಾಗಿ ಅಂಟುವುದಿಲ್ಲ. ನಾನು ಇದನ್ನು ಹೇಳುವ ಕಾರಣ ಬೇರೆ. ವೈದ್ಯರು, ಕಾವಲುಗಾರರು ದಿನಾ ನೋಡುವ ಜಾಗದಲ್ಲೇ ಚಿಗರಿಗಳ ರೋಗ ತಿಳಿಯುವಷ್ಟರಲ್ಲಿ ಸಾವು ಸಾಲುಗಟ್ಟಿತು. ಇನ್ನು ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹೊಡೆದ ಪ್ರಾಣಿಗೆ ರೋಗ ಇತ್ತೋ ಇಲ್ಲವೋ ಯಾರು ಹೇಳಬೇಕು? ಜಡ್ಡು ಬಂದ ಪ್ರಾಣಿ ನಿಧಾನ ಓಡುತ್ತದೆ, ನಾಯಿಗೂ ಉರುಳಿಗೂ ಬೇಗ ಸಿಗುತ್ತದೆ. 2022ರಲ್ಲಿ ಕೇರಳದ ಅತಿರಪ್ಪಿಳ್ಳಿ ಕಾಡಿನಲ್ಲಿ ಕಾಡುಹಂದಿಗಳು ಸಾಯತೊಡಗಿದಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್. ಅಂಥ ಪ್ರಾಣಿಯನ್ನು ಕೊಯ್ದರೆ ಕೈಯ ಗಾಯದಿಂದಲೇ ರೋಗ ಒಳಗೆ ಹೋಗುತ್ತದೆ. ಅದರ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ.

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಾಯಿತು. ಆಮೇಲೆ ಪಶ್ಚಿಮ ಘಟ್ಟದ ಉದ್ದಕ್ಕೂ ಹಬ್ಬಿತು. 2016ರ ಸುಮಾರಿಗೆ ಗೋವಾದ ಗೇರು ತೋಟಗಳಿಗೆ ಕೂಲಿಗೆ ಹೋಗಿದ್ದ ಬೆಳಗಾವಿ ಜಿಲ್ಲೆಯ ಜನರಲ್ಲೂ ಕಂಡಿತು. ಇದು ಮಾಂಸ ತಿಂದು ಬರುವ ರೋಗವಲ್ಲ, ಉಣ್ಣೆ ಕಚ್ಚಿ ಬರುತ್ತದೆ. ಆದರೆ ಆ ಉಣ್ಣೆ ಇರುವುದು ಕಾಡಿನ ಪ್ರಾಣಿಗಳ ಮೈಮೇಲೆ. ಪ್ರಾಣಿ ಸತ್ತು ಮೈ ತಣ್ಣಗಾದ ಕೂಡಲೇ ಉಣ್ಣೆಗಳು ಬೇರೆ ಬಿಸಿ ಮೈ ಹುಡುಕುತ್ತವೆ. ಆಗ ಹತ್ತಿರ ಇರುವುದು ಅದನ್ನು ಹೊತ್ತವನ ಹೆಗಲು.

ವಿಜಯಪುರಕ್ಕೂ ಇಂಥದ್ದೇ ಒಂದು ರೋಗ ಹಳೆಯ ಪರಿಚಯ. ಅದು ಬ್ರುಸೆಲ್ಲೋಸಿಸ್. ದನ, ಕುರಿ, ಆಡುಗಳಲ್ಲಿ ಕಂದು ಹಾಕಿಸುವ ರೋಗ. ಅಲ್ಲಿನ ವೈದ್ಯಕೀಯ ಕಾಲೇಜಿನ ವೈದ್ಯರು 16 ವರ್ಷಗಳಲ್ಲಿ 495 ವಯಸ್ಕರಲ್ಲಿ ಇದನ್ನು ಗುರುತಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಬಂದು ಹೋಗುವ ಜ್ವರ, ಬೆವರು, ಕೀಲುನೋವು. ಟೈಫಾಯ್ಡ್ ಎಂದೋ ಕ್ಷಯ ಎಂದೋ ತಪ್ಪು ತಿಳಿಯುವುದು ಸುಲಭ. ನಮ್ಮಲ್ಲಿ ಇದು ಹೆಚ್ಚಾಗಿ ಬರುವುದು ಸಾಕಿದ ಪ್ರಾಣಿಗಳಿಂದ, ಕಾಯಿಸದ ಹಾಲಿನಿಂದ. ಆದರೆ ಇದರದೇ ಒಂದು ಜಾತಿ ಹಂದಿಗಳಲ್ಲಿದೆ. ಕಾಡುಹಂದಿ ಕೊಯ್ಯುವ ಬೇಟೆಗಾರರಿಗೆ ರಕ್ತದ ಮೂಲಕ ಅಂಟಿದ್ದು ಹೊರದೇಶಗಳಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ.

ಮದ್ದಿನ ಹೆಸರಿನಲ್ಲಿ ತಿನ್ನುವುದು ಇನ್ನೊಂದು ಸಂಕಟ. ಉಡದ ಖಂಡ ಸೊಂಟಕ್ಕೆ ಬಲ, ಬಾವಲಿ ಉಬ್ಬಸಕ್ಕೆ, ನವಿಲಿನ ಎಣ್ಣೆ ಮೊಣಕಾಲಿಗೆ, ಮೊಲದ ರಕ್ತ ಕೂದಲಿಗೆ. ಇವು ಯಾವುದಕ್ಕೂ ಆಧಾರವಿಲ್ಲ. ಉಡವನ್ನು ಹಸಿಯಾಗಿ ತಿಂದವರಲ್ಲಿ ಹುಳುವಿನಿಂದ ಮಿದುಳಿನ ಪೊರೆ ಉರಿದು, ತಡೆಯಲಾಗದ ತಲೆನೋವಿನಿಂದ ಆಸ್ಪತ್ರೆ ಸೇರಿದವರನ್ನು ಕೇರಳದ ವೈದ್ಯರು ಕಂಡಿದ್ದಾರೆ. ಬಾವಲಿಗಳಲ್ಲಿ ಪ್ರಾಣ ತೆಗೆಯುವ ನಿಫಾ ವೈರಸ್ ಇರುವುದು 2018ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಆ ರೋಗ ಹಬ್ಬಿದಾಗ ಕಲಿತ ಪಾಠ. ಉಬ್ಬಸಕ್ಕೆ ಒಳ್ಳೆಯ ಔಷಧ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುವಾಗ ಮಗುವಿಗೆ ಬಾವಲಿ ತಿನ್ನಿಸುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಯಾರೂ ಜಾಸ್ತಿ ಮಾತಾಡದ ವಿಷಯ ಸೀಸ. ನಾಡಬಂದೂಕಿಗೆ ತುಂಬುವ ಚರೆ ಸಾಮಾನ್ಯವಾಗಿ ಸೀಸದ್ದು. ಮೂಳೆಗೆ ಬಡಿದರೆ ಅದು ಕಣ್ಣಿಗೆ ಕಾಣದಷ್ಟು ಚೂರಾಗಿ ಗಾಯದಿಂದ ದೂರದವರೆಗೂ ಚೆಲ್ಲುತ್ತದೆ. ಗುಂಡು ಬಿದ್ದ ಜಾಗ ಕತ್ತರಿಸಿ ಒಗೆದರೆ ಸಾಲದು. ಕುದಿಸಿದರೆ ಸೀಸ ಹೋಗುವುದಿಲ್ಲ. ಹುಳಿ ಬಿದ್ದರೆ ಇನ್ನಷ್ಟು ಕರಗಿ ಸಾರಿಗೆ ಇಳಿಯುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರೈತರ ಕಷ್ಟವನ್ನೂ ಹೇಳಲೇಬೇಕು. ಘಟಪ್ರಭೆ, ಕೃಷ್ಣೆಯ ನೀರು ಬಂದ ಮೇಲೆ ಈ ಭಾಗ ಕಬ್ಬಿನ ಸೀಮೆಯಾಯಿತು. ಕಬ್ಬಿನ ಗದ್ದೆ ಕಾಡುಹಂದಿಗೆ ಅಡಗಲೂ ಆಯಿತು, ತಿನ್ನಲೂ ಆಯಿತು. ಒಂದು ರಾತ್ರಿಯಲ್ಲಿ ಗೋವಿನಜೋಳದ ಹೊಲ ಹಾಳಾದ ರೈತನಿಗೆ ಸಿಟ್ಟು ಬರುವುದು ಸಹಜ ಅಲ್ವಾ? ಅವನಿಗೆ ಬೆಳೆ ಪರಿಹಾರ ಬೇಗ ಸಿಗಬೇಕು, ಬೇಲಿಗೆ ನೆರವು ಸಿಗಬೇಕು. ಕೇರಳದಲ್ಲಿ ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಅಲ್ಲೂ ಕೊಂದ ಹಂದಿಯನ್ನು ತಿನ್ನುವ ಹಾಗಿಲ್ಲ, ಹೂಳಬೇಕು. ಬೆಳೆಯ ಸಮಸ್ಯೆಯನ್ನೂ ಊಟದ ಆಸೆಯನ್ನೂ ಬೇರೆ ಇಟ್ಟ ಆ ನಿಯಮ ಸರಿ ಅನ್ನಿಸುತ್ತದೆ.

ಕಾನೂನಿನ ಭಯದಿಂದ ಇನ್ನೊಂದು ತೊಂದರೆ ಹುಟ್ಟಿದೆ. ಜ್ವರ ಬಂದು ಆಸ್ಪತ್ರೆಗೆ ಹೋದವರು ಅಡವಿ ಖಂಡ ತಿಂದದ್ದನ್ನು, ಕೊಯ್ದದ್ದನ್ನು ಬಾಯಿ ಬಿಡುವುದಿಲ್ಲ. ಡಾಕ್ಟರೂ ಕೇಳುವುದಿಲ್ಲ. ಟೈಫಾಯ್ಡ್ ಔಷಧದಲ್ಲಿ ವಾರಗಳು ಕಳೆಯುತ್ತವೆ. ಟ್ರೈಕಿನೆಲ್ಲಾ ಹುಳು ಕರುಳಿನಲ್ಲಿ ಇರುವಾಗಲೇ ಆಲ್ಬೆಂಡಜೋಲ್ ಎಂಬ ಹುಳದ ಔಷಧ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ನಾಯುವಿಗೆ ಸೇರಿದ ಮೇಲೆ ಕಷ್ಟ. ಬ್ರುಸೆಲ್ಲೋಸಿಸ್‌ಗೆ ಎರಡು ಔಷಧ ಸೇರಿಸಿ ಆರು ವಾರ ಕೊಡಬೇಕು, ಐದು ದಿನದ ಗುಳಿಗೆಗೆ ಅದು ಬಗ್ಗುವುದಿಲ್ಲ. ಹಾಗಾಗಿ ಕಾಡುಪ್ರಾಣಿಯನ್ನು ಮುಟ್ಟಿದ, ತಿಂದ ಒಂದೆರಡು ತಿಂಗಳಲ್ಲಿ ಜ್ವರ, ಮೈಕೈ ನೋವು, ಮುಖದ ಬಾವು ಬಂದರೆ ಡಾಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾವ ಪ್ರಾಣಿ, ಯಾವತ್ತು, ಯಾರು ಕೊಯ್ದರು, ಮನೆಯಲ್ಲಿ ಇನ್ಯಾರು ತಿಂದರು, ಅಷ್ಟೂ ಹೇಳಿ. ಮಾಂಸ ತೊಳೆದ ಹೆಣ್ಣುಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆಕೆ ಒಂದು ತುತ್ತೂ ತಿಂದಿರದಿದ್ದರೂ ಸರಿ.